ಡೇಟಾಬೇಸ್ ಸುಮ್ಮನಿತ್ತು, ಸಿಪಿಯು ಮಾತ್ರ ನೂರಕ್ಕೇರಿತ್ತು

ನಮ್ಮ ಸಾಫ್ಟ್‌ವೇರಿಗೆ ದಿನದಲ್ಲಿ ನಿಜವಾದ ಪರೀಕ್ಷೆ ನಡೆಯುವುದು ಸಂಜೆ ಆರೂವರೆಯಿಂದ ಎಂಟರೊಳಗೆ. ನಾನಿರುವುದು ರಾಜಾಜಿನಗರದ ಒಂದು ಸಣ್ಣ ಕಂಪನಿಯಲ್ಲಿ. ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ವೆಬ್ ಅಪ್ಲಿಕೇಶನ್ ಮಾಡಿಕೊಡುವುದು ನಮ್ಮ ಕೆಲಸ. ಷೇರು, ಸಾಲ, ಮುದ್ದತಿ ಠೇವಣಿ ಎಲ್ಲ ಹಗಲು ಹೊತ್ತಿನ ವ್ಯವಹಾರ, ನಿಧಾನವಾಗಿ ನಡೆಯುತ್ತದೆ. ಸಂಜೆಯದು ಪಿಗ್ಮಿ. ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯ, ಮಾಗಡಿ ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ ಬಂದ ಏಜೆಂಟರು ಸಂಘದ ಕೌಂಟರಿನಲ್ಲಿ ಕೂತು ನೋಟು ಎಣಿಸುತ್ತಾರೆ, ಮೊಬೈಲಿನಿಂದ ಆ ದಿನದ ರಸೀದಿಗಳನ್ನು ಕಳಿಸುತ್ತಾರೆ. ನಗದಿಗೂ ರಸೀದಿಗೂ ತಾಳೆಯಾದ ಮೇಲೆ ಶಾಖೆಯವರು 'ದಿನದ ಜಮಾ' ಗುಂಡಿ ಒತ್ತುತ್ತಾರೆ.

ಪಿಗ್ಮಿ ನಮ್ಮ ಕಡೆಯದೇ ಯೋಜನೆ. ಉಡುಪಿಯಲ್ಲಿ 1925ರಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಇದನ್ನು ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಏಜೆಂಟ್ ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಪಿಗ್ಮಿ ಮಾತ್ರ ಸಂಘಗಳ ಕೈಯಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಹೂವಿನ ವ್ಯಾಪಾರದವರು, ಟೀ ಅಂಗಡಿಯವರು ದಿನಕ್ಕೆ ಐವತ್ತು ರೂಪಾಯಿ ಕಟ್ಟಿ ಮಗಳ ಕಾಲೇಜಿನ ಫೀಸು ಕೂಡಿಸುವ ಖಾತೆ ಅದು. ಜಮಾ ಆಗದೆ ನಿಂತರೆ ಏಜೆಂಟ್ ಮನೆಗೆ ಹೋಗುವ ಹಾಗಿಲ್ಲ. ಏಜೆಂಟರಲ್ಲಿ ಅರ್ಧಕ್ಕರ್ಧ ಹೆಂಗಸರು, ಎಂಟು ಗಂಟೆ ದಾಟಿದರೆ ಅವರ ಬಸ್ಸಿನ ಲೆಕ್ಕವೆಲ್ಲ ತಪ್ಪುತ್ತದೆ. ಸಿಪಿಯು ತೊಂದರೆ ಅಂದಾಗ ನನ್ನ ಕಣ್ಣೆದುರು ಬರುವುದು ಆ ಕೌಂಟರು.

ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ಮೇಡಂ, ಜಮಾ ಒತ್ತಿದ್ರೆ ಚಕ್ರ ತಿರುಗ್ತಾನೇ ಇರುತ್ತೆ. ಆಮೇಲೆ ಬೇರೆ ಶಾಖೆಯವರಿಗೆ ಪಾಸ್‌ಬುಕ್ ಪ್ರಿಂಟೂ ಬರ್ತಿಲ್ಲ." ಎರಡನೇ ವಾಕ್ಯ ನನ್ನನ್ನು ಎಚ್ಚರಿಸಿತು. ಒಬ್ಬರ ಜಮಾ ನಿಧಾನವಾದರೆ ಅದು ಆ ಒಂದು ಕೆಲಸದ ತೊಂದರೆ. ಅದರ ಜೊತೆಗೆ ಸಂಬಂಧವೇ ಇಲ್ಲದ ಪಾಸ್‌ಬುಕ್ಕೂ ನಿಂತರೆ ಎಲ್ಲರೂ ಹಂಚಿಕೊಂಡಿರುವ ಯಾವುದೋ ಒಂದು ಮುಗಿದುಹೋಗಿದೆ ಎಂದರ್ಥ. ಸಿಪಿಯು ಇರಬಹುದು, ಡೇಟಾಬೇಸ್ ಸಂಪರ್ಕಗಳ ಪೂಲ್ ಇರಬಹುದು, ಮೆಮೊರಿ ಇರಬಹುದು.

ಅಪ್ಲಿಕೇಶನ್‌ದು ಮಾಮೂಲಿ ಮೈಕಟ್ಟು. ಜಾವಾದ ಸ್ಪ್ರಿಂಗ್ ಬೂಟ್ ಚೌಕಟ್ಟು, ಅದರೊಳಗೆ ಹೈಬರ್ನೇಟ್ 5, ಅಂದರೆ ಡೇಟಾಬೇಸಿನ ಸಾಲುಗಳನ್ನು ಜಾವಾ ವಸ್ತುಗಳಾಗಿ ತಂದುಕೊಡುವ ಓಆರ್‌ಎಂ, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಅಪ್ಲಿಕೇಶನ್ ಒಂದು ಯಂತ್ರದಲ್ಲಿ, ನಾಲ್ಕು ಕೋರಿನದು, ಡೇಟಾಬೇಸ್ ಇನ್ನೊಂದರಲ್ಲಿ. ಎರಡೂ ಬೇರೆಬೇರೆ ಇರುವುದರಿಂದ ಮೊದಲ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಕ್ಕಿತು: ಏರಿರುವುದು ಯಾವ ಯಂತ್ರದ ಸಿಪಿಯು? ಎಷ್ಟೋ ಕಡೆ ಈ ಪ್ರಶ್ನೆ ಕೇಳದೆಯೇ ಡೇಟಾಬೇಸಿಗೆ ಇಂಡೆಕ್ಸ್, ಅಂದರೆ ಬೇಗ ಹುಡುಕಲು ನೆರವಾಗುವ ಸೂಚಿ, ಹಾಕಲು ಹೊರಡುತ್ತಾರೆ. ಓಆರ್‌ಎಂ ಎಂದ ಕೂಡಲೇ ಡೇಟಾಬೇಸಿಗೆ ಹೋಗುವ ಕೆಟ್ಟ ಎಸ್‌ಕ್ಯುಎಲ್ ಆದೇಶ ಎಂಬ ಯೋಚನೆ ಬಂದುಬಿಡುತ್ತದೆ. ಡೇಟಾಬೇಸ್ ಯಂತ್ರದ ಸಿಪಿಯು ಏರಿದ್ದರೆ ಆ ದಾರಿ ಸರಿ. ಕ್ವೆರಿಗಳ, ಅಂದರೆ ಡೇಟಾಬೇಸಿಗೆ ಕೇಳಿದ ಪ್ರಶ್ನೆಗಳ, ಲೆಕ್ಕ ಇಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ತೆರೆದು ಒಟ್ಟು ಸಮಯ ಹೆಚ್ಚು ತಿಂದ ಕ್ವೆರಿಗಳನ್ನು ಮೇಲಿಂದ ನೋಡಿ, ಅವು ಹೇಗೆ ಓಡಿದವು ಎಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಹಾಕಿ, ಸಾಲುಗಳನ್ನೆಲ್ಲ ಸುಮ್ಮನೆ ಓದಿ ಎಸೆಯುತ್ತಿರುವ ಕಡೆ ಇಂಡೆಕ್ಸ್ ಕೊಡಬೇಕು.

ನಮ್ಮಲ್ಲಿ ಹಾಗಿರಲಿಲ್ಲ. ತಂಡದಲ್ಲಿ ಗದಗದ ಕಡೆಯ ಹುಡುಗನೊಬ್ಬನಿದ್ದಾನೆ. 1905ರಲ್ಲೇ ಪತ್ತಿನ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಅವನ ಊರಿಗೆ ಹತ್ತಿರ. ಸಂಘದ ಕೆಲಸ ಎಂದರೆ ಅವನಿಗೆ ವಿಶೇಷ ಮುತುವರ್ಜಿ. ಡೇಟಾಬೇಸ್ ಯಂತ್ರಕ್ಕೆ ಲಾಗಿನ್ ಆಗಿ ನೋಡಿ ಹೇಳಿದ, "ಅಕ್ಕಾರ, ಇದು ಸುಮ್ಮ ಕುಂತೈತ್ರಿ. ಪಿಜಿ ಸ್ಟ್ಯಾಟ್ ಆಕ್ಟಿವಿಟಿಯೊಳಗ ಎಲ್ಲಾ ಐಡಲ್ ಇನ್ ಟ್ರಾನ್ಸಾಕ್ಷನ್." ಟ್ರಾನ್ಸಾಕ್ಷನ್, ಅಂದರೆ ಎಲ್ಲವೂ ಆಗಬೇಕು ಇಲ್ಲವೇ ಯಾವುದೂ ಆಗಬಾರದು ಎಂಬ ಕೆಲಸಗಳ ಕಟ್ಟು, ತೆರೆದಿದೆ, ಆದರೆ ಆ ಕ್ಷಣಕ್ಕೆ ಡೇಟಾಬೇಸಿಗೆ ಯಾವ ಕೆಲಸವೂ ಬಂದಿಲ್ಲ, ಅಪ್ಲಿಕೇಶನ್ ತನ್ನೊಳಗೇ ಏನೋ ಲೆಕ್ಕ ಹಾಕುತ್ತ ಕೂತಿದೆ. ಅವನ ಈ ಒಂದು ಮಾತಿನಿಂದ ಅರ್ಧ ದಾರಿ ಮುಗಿಯಿತು.

ಅಪ್ಲಿಕೇಶನ್ ಯಂತ್ರದಲ್ಲಿ, ಯಾವ ಪ್ರೋಗ್ರಾಮ್ ಎಷ್ಟು ಸಿಪಿಯು ಬಳಸುತ್ತಿದೆ ಎಂದು ತೋರಿಸುವ ಟಾಪ್ ಆದೇಶ ಕೊಟ್ಟೆ. ಮೇಲಿನ ಸಾಲಿನ ಅಂಕಿಗಳನ್ನು ಓದಿಯೇ ಮುಂದೆ ಹೋಗಬೇಕು. ಯುಎಸ್ ಅಂಕಿ ಹೆಚ್ಚಿದ್ದರೆ ನಮ್ಮ ಪ್ರೋಗ್ರಾಮೇ ಸಿಪಿಯು ತಿನ್ನುತ್ತಿದೆ. ಎಸ್‌ವೈ ಹೆಚ್ಚಿದ್ದರೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಡಬ್ಲ್ಯುಎ ಹೆಚ್ಚಿದ್ದರೆ ಡಿಸ್ಕಿಗೆ ಕಾಯುತ್ತಿದೆ. ಕ್ಲೌಡ್ ಯಂತ್ರವಾದರೆ ಎಸ್‌ಟಿ ಕೂಡ ನೋಡಬೇಕು. ನಮ್ಮ ಪಾಲಿನ ಸಿಪಿಯು ಪಕ್ಕದವರಿಗೆ ಹೋಗುತ್ತಿದೆಯೇ ಎಂದು ಹೇಳುವ ಅಂಕಿ ಅದು. ನಮ್ಮದರಲ್ಲಿ ಯುಎಸ್ ಒಂದೇ ನೂರರ ಹತ್ತಿರ ನಿಂತಿತ್ತು, ಉಳಿದವೆಲ್ಲ ಸೊನ್ನೆಯ ಆಸುಪಾಸು.

ಟಾಪ್‌ಗೆ ದೊಡ್ಡ ಅಕ್ಷರದ ಎಚ್ ಕೊಟ್ಟರೆ ಒಂದೊಂದು ಥ್ರೆಡ್ಡೂ, ಅಂದರೆ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಒಂದೊಂದು ಕೆಲಸದ ಎಳೆಯೂ, ಬೇರೆ ಸಾಲಾಗಿ ಕಾಣುತ್ತದೆ. ಇಲ್ಲಿ ಮೊದಲು ನೋಡಬೇಕಾದ್ದು ಹೆಸರು. ಮೇಲಿರುವುದು ಕಸ ಗುಡಿಸುವ ಜಿಸಿ ಥ್ರೆಡ್‌ಗಳಾದರೆ ಅದು ಮೆಮೊರಿಯ ಕಥೆ, ದಾರಿ ಬೇರೆ. ನಮ್ಮಲ್ಲಿ ಮೇಲಿದ್ದವು ಬ್ರೌಸರಿನ ಕೋರಿಕೆ ನಡೆಸುವ ಟಾಮ್‌ಕ್ಯಾಟ್ ಥ್ರೆಡ್‌ಗಳು; ಶಾಖೆಗೊಂದರಂತೆ ಕೋರುಗಳನ್ನೆಲ್ಲ ಹಿಡಿದಿದ್ದವು. ಟಾಪ್ ಕೊಡುವ ಥ್ರೆಡ್ ಸಂಖ್ಯೆ ಹತ್ತರ ಲೆಕ್ಕದ್ದು. ನಾವಿರುವ ಜಾವಾ 11ರಲ್ಲಿ, ಪ್ರತಿ ಥ್ರೆಡ್ ಎಲ್ಲಿದೆ ಎಂದು ಬರೆದುಕೊಡುವ ಜೆಸ್ಟ್ಯಾಕ್ ಅದೇ ಸಂಖ್ಯೆಯನ್ನು ಎನ್‌ಐಡಿ ಎಂಬ ಹೆಸರಿನಲ್ಲಿ ಹದಿನಾರರ ಲೆಕ್ಕದಲ್ಲಿ ಬರೆಯುತ್ತದೆ. ಟಾಪ್‌ನಲ್ಲಿ 4660 ಇದ್ದದ್ದು ಅಲ್ಲಿ 0ಎಕ್ಸ್1234. ಎರಡನ್ನೂ ಜೋಡಿಸಿದರೆ ಸಿಪಿಯು ತಿನ್ನುತ್ತಿರುವ ಥ್ರೆಡ್ ಆ ಕ್ಷಣ ಜಾವಾದ ಯಾವ ಸಾಲಿನಲ್ಲಿದೆ ಎಂದು ಗೊತ್ತಾಗುತ್ತದೆ.

ಹೊಸಬರಿಗೆ ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಜೆಸ್ಟ್ಯಾಕ್ ಕೊಡುವ ಆ ಪಟ್ಟಿಯಲ್ಲಿ, ಅಂದರೆ ಥ್ರೆಡ್ ಡಂಪ್‌ನಲ್ಲಿ, ರನ್ನಬಲ್ (ಓಡಬಲ್ಲದು) ಎಂದು ಬರೆದಿರುವ ಥ್ರೆಡ್‌ಗಳೆಲ್ಲ ಸಿಪಿಯು ಬಳಸುತ್ತಿರುವುದಿಲ್ಲ. ಡೇಟಾಬೇಸಿನಿಂದ ಉತ್ತರ ಬರಲೆಂದು ಸಾಕೆಟ್ ಓದುತ್ತ ನಿಂತಿರುವ ಥ್ರೆಡ್ಡನ್ನೂ ಜಾವಾ 11 ರನ್ನಬಲ್ ಎಂದೇ ತೋರಿಸುತ್ತದೆ. ಆದ್ದರಿಂದಲೇ ಟಾಪ್‌ನ ಸಂಖ್ಯೆ ಜೋಡಿಸುವ ಆ ಬೇಸರದ ಕೆಲಸ ಬಿಡಬಾರದು. ಒಂದೇ ಡಂಪ್ ನಂಬಬಾರದು ಕೂಡ. ಕೆಲವು ಸೆಕೆಂಡು ಬಿಟ್ಟುಬಿಟ್ಟು ಹಲವನ್ನು ತೆಗೆದು, ಎಲ್ಲದರಲ್ಲೂ ಮತ್ತೆಮತ್ತೆ ಬರುವ ಸಾಲುಗಳನ್ನು ಹುಡುಕಬೇಕು.

ನಮ್ಮ ಡಂಪ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದೆವು. ಬುಡದಲ್ಲಿ ದಿನದ ಜಮಾ ಸರ್ವಿಸ್. ಅದರ ಮೇಲೆ ಖಾತೆ ಸಂಖ್ಯೆ ಕೊಟ್ಟು ಖಾತೆ ಹುಡುಕುವ ರೆಪಾಸಿಟರಿ ಮೆಥಡ್. ಅಲ್ಲಿಂದ ಎಸ್‌ಕ್ಯುಎಲ್ ಕಡೆಗೆ ಹೋಗಬೇಕಿತ್ತು. ಆದರೆ ಹೋಗಿದ್ದು ಡಿಫಾಲ್ಟ್ ಆಟೋ ಫ್ಲಶ್ ಇವೆಂಟ್ ಲಿಸನರ್ ಎಂಬ ಕ್ಲಾಸಿಗೆ, ಅಲ್ಲಿಂದ ಫ್ಲಶ್ ಎಂಟಿಟೀಸ್, ಅಲ್ಲಿಂದ ಡರ್ಟಿ ಚೆಕ್, ಫೈಂಡ್ ಡರ್ಟಿ. ತುತ್ತತುದಿಯಲ್ಲಿ ಆಬ್ಜೆಕ್ಟ್ ಔಟ್‌ಪುಟ್ ಸ್ಟ್ರೀಮ್. ಖಾತೆ ಹುಡುಕು ಎಂದರೆ ಇದು ಯಾವುದೋ ವಸ್ತುವನ್ನು ಬೈಟುಗಳಾಗಿ ಬರೆಯುತ್ತಿದೆ! ಹುಡುಗ ನನ್ನ ಮುಖ ನೋಡಿದ. ಖಚಿತವಾಗಲೆಂದು ಸಿಪಿಯು ಸಮಯ ಎಲ್ಲಿ ಹೋಗುತ್ತಿದೆ ಎಂದು ಅಳೆಯುವ ಅಸಿಂಕ್ ಪ್ರೊಫೈಲರ್ ಹಚ್ಚಿ ಫ್ಲೇಮ್ ಗ್ರಾಫ್ ತೆಗೆಸಿದೆ. ಕಂಪ್ಯೂಟರ್ ವೇಗದ ತಜ್ಞ ಬ್ರೆಂಡನ್ ಗ್ರೆಗ್ 2011ರಲ್ಲಿ ಈ ಬಗೆಯ ಚಿತ್ರ ಮಾಡಿದ್ದೂ ಮೈಎಸ್‌ಕ್ಯುಎಲ್ ಡೇಟಾಬೇಸಿನ ಒಂದು ಸಿಪಿಯು ತೊಂದರೆಯನ್ನು ಬಿಡಿಸುವಾಗಲೇ. ಯಾವ ಪಟ್ಟಿ ಅಗಲವೋ ಅಲ್ಲಿ ಸಿಪಿಯು ಸಮಯ ಹೆಚ್ಚು ಕಳೆದಿದೆ ಎಂದು ಲೆಕ್ಕ. ಡರ್ಟಿ ಚೆಕ್‌ನ ಪಟ್ಟಿ ಪರದೆಯ ಬಹುಪಾಲು ತುಂಬಿತ್ತು.

ಡರ್ಟಿ ಚೆಕ್ ಎಂದರೇನು ಎಂದು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯದ ಗಂಟು ಇದೇ. ಹೈಬರ್ನೇಟ್‌ನಲ್ಲಿ ಖಾತೆಯೊಂದನ್ನು ಓದಿ, ಅದರ ಬಾಕಿ ಬದಲಿಸಿ, ಸುಮ್ಮನಿದ್ದರೂ ಟ್ರಾನ್ಸಾಕ್ಷನ್ ಮುಗಿಯುವಾಗ ಅಪ್‌ಡೇಟ್ ತಾನಾಗಿ ಹೋಗುತ್ತದೆ. ಸೇವ್ ಎಂದು ಕರೆಯಬೇಕಾಗಿಯೇ ಇಲ್ಲ. ಬದಲಾಗಿದೆ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಓದಿದಾಗಲೇ ಪ್ರತಿ ವಸ್ತುವಿನ ಎಲ್ಲ ಬೆಲೆಗಳ ಒಂದು ಪ್ರತಿಯನ್ನು, ಅಂದರೆ ಸ್ನ್ಯಾಪ್‌ಶಾಟನ್ನು, ಸೆಷನ್ನಿನಲ್ಲಿ, ಅಂದರೆ ಆ ಕೆಲಸದ ಮಟ್ಟಿಗೆ ವಸ್ತುಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಇಟ್ಟುಕೊಂಡಿರುತ್ತದೆ. ಬದಲಾವಣೆಗಳನ್ನು ಡೇಟಾಬೇಸಿಗೆ ಕಳಿಸುವ ಫ್ಲಶ್ ಸಮಯಕ್ಕೆ ಸೆಷನ್ನಿನಲ್ಲಿರುವ ಪ್ರತಿಯೊಂದು ವಸ್ತುವಿನ ಪ್ರತಿಯೊಂದು ಕಾಲಂ ಅನ್ನೂ ಆ ಪ್ರತಿಯ ಜೊತೆ ಹೋಲಿಸುತ್ತದೆ. ಬದಲಾದದ್ದು ಒಂದೇ ಇದ್ದರೂ ಹೋಲಿಸುವುದು ಎಲ್ಲವನ್ನೂ.

ಫ್ಲಶ್ ನಡೆಯುವುದು ಟ್ರಾನ್ಸಾಕ್ಷನ್ನನ್ನು ಪಕ್ಕಾ ಮಾಡುವ ಕಮಿಟ್ ಹೊತ್ತಿಗೆ ಮಾತ್ರವಲ್ಲ. ಫ್ಲಶ್ ಮೋಡ್ ಹೇಳದೆ ಬಿಟ್ಟರೆ ಅದು ಆಟೋ. ಟ್ರಾನ್ಸಾಕ್ಷನ್ ಒಳಗೆ ಜೆಪಿಕ್ಯುಎಲ್ (ಹೈಬರ್ನೇಟ್ ಎಸ್‌ಕ್ಯುಎಲ್ಲಿಗೆ ತಿರುಗಿಸಿಕೊಳ್ಳುವ ಪ್ರಶ್ನೆಯ ಭಾಷೆ) ಕ್ವೆರಿಯೊಂದನ್ನು ಓಡಿಸುವ ಮುಂಚೆ, ಆ ಟೇಬಲ್ಲಿಗೆ ಸಂಬಂಧಿಸಿದ ಬದಲಾವಣೆ ಬಾಕಿ ಇದೆಯೇ ಎಂದು ಹೈಬರ್ನೇಟ್ ನೋಡಲೇಬೇಕು, ಇಲ್ಲದಿದ್ದರೆ ಕ್ವೆರಿ ಹಳೆಯ ಉತ್ತರ ಕೊಟ್ಟೀತು. ನೋಡಬೇಕಾದರೆ ಎಲ್ಲ ವಸ್ತುಗಳನ್ನೂ ಹೋಲಿಸಬೇಕು. ಕೊನೆಗೆ ಏನೂ ಕಳಿಸಬೇಕಿಲ್ಲ ಎಂದು ತೀರ್ಮಾನವಾದರೂ ಹೋಲಿಕೆಯ ದುಡಿಮೆ ಆಗಿಹೋಗಿರುತ್ತದೆ. ಸಂಘದ ಗುಮಾಸ್ತರೊಬ್ಬರು, ಕೌಂಟರಿಗೆ ಬಂದವರು ಒಂದು ಪ್ರಶ್ನೆ ಕೇಳಿದಾಗಲೆಲ್ಲ ಮೇಜಿನ ಮೇಲಿರುವ ಅಷ್ಟೂ ಚೀಟಿಗಳನ್ನು ಕಾರ್ಬನ್ ಪ್ರತಿಗಳ ಜೊತೆ ಮೊದಲಿನಿಂದ ತಾಳೆ ನೋಡಿ ಆಮೇಲೆ ಉತ್ತರ ಕೊಟ್ಟ ಹಾಗೆ. ಮೇಜಿನ ಮೇಲೆ ಹತ್ತು ಚೀಟಿ ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಜಮಾ ಕೋಡ್ ಲೂಪಿನಲ್ಲಿ ರಸೀದಿಗೊಂದು ಸಲ ಖಾತೆ ಸಂಖ್ಯೆಯಿಂದ ಕ್ವೆರಿ ಮಾಡುತ್ತಿತ್ತು. ಖಾತೆ ಬಂದರೆ ಅದರ ಜೊತೆ ಸದಸ್ಯರ ವಿವರವೂ ಬರುತ್ತಿತ್ತು, ಮೇಲೊಂದು ಹೊಸ ಜಮಾ ನಮೂದು. ಅಂದರೆ ಸುತ್ತಿಗೆ ಮೂರು ವಸ್ತು ಸೆಷನ್ನಿಗೆ ಸೇರುತ್ತಿದ್ದವು. ನೂರನೇ ರಸೀದಿಯ ಕ್ವೆರಿಗೆ ಮುಂಚೆ ಸುಮಾರು 300 ವಸ್ತುಗಳ ಹೋಲಿಕೆ, ಸಾವಿರನೆಯದಕ್ಕೆ 3,000. ಮೊದಲಾದರೆ ಏಜೆಂಟರು ಒಬ್ಬೊಬ್ಬರೇ ಜಮಾ ಮಾಡುತ್ತಿದ್ದರು, ಒಬ್ಬರಿಗೆ ಇನ್ನೂರು ರಸೀದಿ ಎಂದುಕೊಳ್ಳಿ. ಎಲ್ಲ ಸುತ್ತು ಕೂಡಿಸಿದರೆ ಸುಮಾರು 60 ಸಾವಿರ ಹೋಲಿಕೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಆಮೇಲೆ ಲೆಕ್ಕಪರಿಶೋಧಕರು, ಶಾಖೆಯ ಇಡೀ ದಿನದ ಪಿಗ್ಮಿ ಒಂದೇ ಬಾರಿಗೆ ಜಮಾ ಆಗಬೇಕು, ಒಂದು ರಸೀದಿ ತಪ್ಪಿದರೂ ಯಾವುದೂ ಆಗಬಾರದು ಎಂದು ಕೇಳಿದರು. ನ್ಯಾಯವಾದ ಬೇಡಿಕೆ. ಎಲ್ಲ ಏಜೆಂಟರದ್ದೂ ಸೇರಿ ಮೂರು ಸಾವಿರ ರಸೀದಿ ಒಂದೇ ಟ್ರಾನ್ಸಾಕ್ಷನ್ನಿಗೆ ಬಂದರೆ ಹೋಲಿಕೆ ಸುಮಾರು 1 ಕೋಟಿ 35 ಲಕ್ಷ. ರಸೀದಿ ಹೆಚ್ಚಿದ್ದು 15 ಪಟ್ಟು, ಕೆಲಸ ಹೆಚ್ಚಿದ್ದು ಇನ್ನೂರು ಪಟ್ಟಿಗೂ ಮೇಲೆ. ಇದು ವಸ್ತುಗಳ ಎಣಿಕೆ ಮಾತ್ರ. ಪ್ರತಿ ವಸ್ತುವಿನ ಕಾಲಂಗಳನ್ನು ಗುಣಿಸಿದರೆ ಇನ್ನೂ ದೊಡ್ಡದು. ಹಳೆಯ ಕೋಡನ್ನು ನಾನು ಕೆಟ್ಟದ್ದೆನ್ನಲಾರೆ, ಇನ್ನೂರು ರಸೀದಿಯ ಕೆಲಸಕ್ಕೆ ಅದು ಓದಲು ಚೆಂದವಾಗಿ, ಸರಿಯಾಗಿಯೇ ಇತ್ತು.

ಇನ್ನು ಆ ಔಟ್‌ಪುಟ್ ಸ್ಟ್ರೀಮ್. ಸದಸ್ಯರ ಟೇಬಲ್ಲಿನಲ್ಲಿ ನಾಮಿನಿ ವಿವರ ಎಂಬ ಕಾಲಂ ಇತ್ತು. ನಾಮಿನಿಗಳ ಹೆಸರು, ಸಂಬಂಧ, ಪಾಲು ಎಲ್ಲ ಇರುವ ಒಂದು ಜಾವಾ ವಸ್ತುವನ್ನು ಸೀರಿಯಲೈಸ್ ಮಾಡಿ ಬೈಟುಗಳಾಗಿ ಅದರಲ್ಲಿ ತುಂಬಲಾಗಿತ್ತು. ಹಾಗೆ ಇಟ್ಟ ಎರಡು ವಸ್ತುಗಳು ಒಂದೇ ತಾನೇ ಎಂದು ಹೈಬರ್ನೇಟ್ ಹೇಗೆ ತಿಳಿಯಬೇಕು? ಮೊದಲು, ಎರಡೂ ಸಮವೇ ಎಂದು ಹೇಳುವ ಈಕ್ವಲ್ಸ್ ಮೆಥಡ್ಡನ್ನು ಕೇಳುತ್ತದೆ. ಆ ಕ್ಲಾಸಿಗೆ ಈಕ್ವಲ್ಸ್ ಬರೆದಿರಲಿಲ್ಲ. ಸ್ನ್ಯಾಪ್‌ಶಾಟ್‌ನಲ್ಲಿರುವುದು ಬೇರೆಯೇ ಪ್ರತಿಯಾದ್ದರಿಂದ ಉತ್ತರ ಯಾವಾಗಲೂ 'ಒಂದಲ್ಲ'. ಆಗ ಅದು ಎರಡನ್ನೂ ಮತ್ತೆ ಸೀರಿಯಲೈಸ್ ಮಾಡಿ ಬೈಟುಬೈಟಾಗಿ ಹೋಲಿಸುತ್ತದೆ. ಪಿಗ್ಮಿ ಜಮಾಕ್ಕೂ ನಾಮಿನಿಗೂ ಸಂಬಂಧವೇ ಇಲ್ಲ, ಆದರೂ ಪ್ರತಿ ರಸೀದಿಗೆ, ಅದುವರೆಗೆ ಬಂದ ಎಲ್ಲ ಸದಸ್ಯರ ನಾಮಿನಿ ವಿವರವನ್ನೂ ಎರಡೆರಡು ಸಲ ಬೈಟು ಮಾಡಲಾಗುತ್ತಿತ್ತು. ಒಂದು ಸಂಖ್ಯೆಯ ಹೋಲಿಕೆಗೂ ಈ ಕೆಲಸಕ್ಕೂ ಅಜಗಜಾಂತರ. ಫ್ಲೇಮ್ ಗ್ರಾಫ್‌ನ ತುದಿ ಅಷ್ಟು ದಪ್ಪವಾಗಿದ್ದದ್ದು ಇದಕ್ಕೆ.

ಈ ಮಧ್ಯೆ ಎಂಟು ಕೋರಿನ ಯಂತ್ರ ಹಾಕೋಣ ಎಂಬ ಸಲಹೆ ಬಂತು. ಸಂಘದ ಆಡಳಿತ ಮಂಡಳಿ ಹಣ ಮಂಜೂರು ಮಾಡಲೂ ತಯಾರಿತ್ತು. ನಾನು ಬೇಡವೆಂದೆ. ಒಂದು ಶಾಖೆಯ ಜಮಾ ಓಡುವುದು ಒಂದೇ ಥ್ರೆಡ್ಡಿನಲ್ಲಿ, ಒಂದು ಹೊತ್ತಿಗೆ ಒಂದೇ ಕೋರಿನ ಮೇಲೆ. ಕೋರು ದುಪ್ಪಟ್ಟಾದರೆ ಪಕ್ಕದ ಶಾಖೆಯವರ ಪಾಸ್‌ಬುಕ್ ಮುದ್ರಣಕ್ಕೆ ಜಾಗ ಸಿಗುತ್ತದೆ, ಅಷ್ಟು ನಿಜ. ಆದರೆ ಜಮಾ ಒಂದು ನಿಮಿಷವೂ ಬೇಗ ಮುಗಿಯುವುದಿಲ್ಲ, ಏಜೆಂಟರು ಅಷ್ಟೇ ಹೊತ್ತು ಕಾಯುತ್ತಾರೆ. ರಸೀದಿ ದುಪ್ಪಟ್ಟಾದರೆ ಕೆಲಸ ನಾಲ್ಕು ಪಟ್ಟಾಗುವ ಕೋಡಿಗೆ ಯಂತ್ರ ಕೊಂಡು ಪೂರೈಸಲು ಆಗುವುದಿಲ್ಲ. ಆ ಹಣ ಸದಸ್ಯರದ್ದು.

ಇನ್ನೊಂದು ಸಲಹೆ ಫ್ಲಶ್ ಮೋಡನ್ನು ಕಮಿಟ್ ಎಂದು ಬದಲಿಸುವುದು. ಒಂದು ಸಾಲಿನ ಬದಲಾವಣೆ, ಕ್ವೆರಿಗೆ ಮುಂಚಿನ ಹೋಲಿಕೆ ಪೂರ್ತಿ ನಿಲ್ಲುತ್ತದೆ. ಇದನ್ನೂ ಒಪ್ಪಲಿಲ್ಲ. ಅದೇ ಟ್ರಾನ್ಸಾಕ್ಷನ್ನಿನ ಕೊನೆಯಲ್ಲಿ ಶಾಖೆಯ ಒಟ್ಟು ಜಮಾ ಮೊತ್ತವನ್ನು ಡೇಟಾಬೇಸಿನಿಂದಲೇ ಕೂಡಿಸಿ ತಂದು, ಕೈಯಲ್ಲಿರುವ ನಗದಿನ ಜೊತೆ ತಾಳೆ ನೋಡುತ್ತೇವೆ. ಫ್ಲಶ್ ಆಗದ ನಮೂದುಗಳು ಡೇಟಾಬೇಸಿಗೆ ತಲುಪಿರುವುದೇ ಇಲ್ಲ, ಮೊತ್ತ ತಪ್ಪು ಬರುತ್ತದೆ. ಆ ಒಂದು ಕ್ವೆರಿಗೆ ಮುಂಚೆ ಕೈಯಿಂದ ಫ್ಲಶ್ ಕರೆಯಬಹುದು, ಸರಿ. ಆದರೆ ಮುಂದಿನ ವರ್ಷ ಇನ್ಯಾರೋ ಮಧ್ಯದಲ್ಲಿ ಇನ್ನೊಂದು ಕ್ವೆರಿ ಸೇರಿಸಿದಾಗ ಅವರಿಗೆ ಅದು ನೆನಪಿರಬೇಕು. ಜನರ ದುಡ್ಡಿನ ಲೆಕ್ಕದಲ್ಲಿ ವೇಗಕ್ಕಾಗಿ ಸರಿತನವನ್ನು ನೆನಪಿನ ಮೇಲೆ ಬಿಡುವುದು ನನಗೆ ಒಗ್ಗುವುದಿಲ್ಲ.

ಮಾಡಿದ್ದು ಇಷ್ಟು. ಲೂಪಿಗೆ ಮುಂಚೆಯೇ ಎಲ್ಲ ರಸೀದಿಗಳ ಖಾತೆ ಸಂಖ್ಯೆ ಒಟ್ಟು ಮಾಡಿ, ಐನೂರೈನೂರರ ಗುಂಪಿನಲ್ಲಿ ಇನ್ ಕ್ವೆರಿಯಿಂದ (ಸಂಖ್ಯೆಗಳ ಪಟ್ಟಿ ಕೊಟ್ಟು ಒಟ್ಟಿಗೆ ಕೇಳುವ ಕ್ವೆರಿ) ಖಾತೆಗಳನ್ನು ತಂದು ಮ್ಯಾಪ್‌ನಲ್ಲಿ ಇಟ್ಟುಕೊಂಡೆವು. ಲೂಪಿನ ಒಳಗೆ ಕ್ವೆರಿಯೇ ಇಲ್ಲ, ಆದ್ದರಿಂದ ಆಟೋ ಫ್ಲಶ್ಶೂ ಇಲ್ಲ. ಕೊನೆಯಲ್ಲಿ ಒಟ್ಟು ಮೊತ್ತದ ಕ್ವೆರಿಗೊಮ್ಮೆ, ಕಮಿಟ್‌ಗೊಮ್ಮೆ ಹೋಲಿಕೆ ನಡೆಯುತ್ತದೆ. ನಾಮಿನಿ ಕ್ಲಾಸಿಗೆ ಅಂದೇ ಈಕ್ವಲ್ಸ್, ಅದರ ಜೋಡಿ ಮೆಥಡ್ ಹ್ಯಾಶ್‌ಕೋಡ್ ಬರೆದೆವು. ಮುಂದೆ ಆ ವಿವರವನ್ನು ಬೇರೆ ಟೇಬಲ್ಲಿಗೆ ಸಾಗಿಸಿ, ಬೇಕಾದಾಗ ಮಾತ್ರ ಓದುವಂತೆ ಮಾಡಿದೆವು. ನಾಮಿನಿಯನ್ನು ಹೆಸರಿನಿಂದ ಹುಡುಕಬೇಕು ಎಂದು ಸಂಘದವರು ಬಹಳ ದಿನದಿಂದ ಕೇಳುತ್ತಿದ್ದರು, ಬೈಟುಗಳ ಮೂಟೆಯಲ್ಲಿ ಅದು ಆಗುತ್ತಿರಲಿಲ್ಲ. ಈಗ ಆಗುತ್ತದೆ.

ಜೊತೆಗೆ ಜೆಡಿಬಿಸಿ (ಜಾವಾ ಡೇಟಾಬೇಸಿನೊಡನೆ ಮಾತಾಡುವ ದಾರಿ) ಬ್ಯಾಚ್ ಗಾತ್ರವನ್ನು ಐವತ್ತು ಎಂದು ಕೊಟ್ಟು, ಇನ್ಸರ್ಟ್ ಮತ್ತು ಅಪ್‌ಡೇಟ್‌ಗಳನ್ನು ಟೇಬಲ್ ಪ್ರಕಾರ ಜೋಡಿಸುವ ಎರಡು ಸೆಟಿಂಗ್ ಹಾಕಿದೆವು. ಮೊದಲು ರಸೀದಿಗೊಂದರಂತೆ ಒಂಟಿಒಂಟಿಯಾಗಿ ಹೋಗುತ್ತಿದ್ದ ಅಪ್‌ಡೇಟ್‌ಗಳು ಗುಂಪಾಗಿ ಹೋಗತೊಡಗಿದವು. ಬ್ಯಾಚ್ ಹಾಕಿಯೂ ಇನ್ಸರ್ಟ್ ಒಂಟಿಯಾಗೇ ಹೋಗುತ್ತಿದ್ದರೆ ಐಡಿ ಹೇಗೆ ಹುಟ್ಟುತ್ತಿದೆ ಎಂದು ನೋಡಿ. ಐಡೆಂಟಿಟಿ, ಅಂದರೆ ಸಾಲು ಸೇರಿದಾಗಲೇ ಡೇಟಾಬೇಸ್ ಐಡಿ ಕೊಡುವ ಬಗೆ, ಎಂದಿದ್ದರೆ ಹೈಬರ್ನೇಟ್ ಇನ್ಸರ್ಟ್ ಬ್ಯಾಚನ್ನೇ ಕೈಬಿಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಐಡಿಗಳನ್ನು ಮುಂಚೆಯೇ ಕೊಡುವ ಸೀಕ್ವೆನ್ಸ್ ಬಳಸುವುದು ಒಳ್ಳೆಯದು.

ಹೊಸ ಕೋಡ್ ಹಾಕಿದ ಸಂಜೆ ನಾವಿಬ್ಬರೂ ಮಾಗಡಿ ರಸ್ತೆಯ ಶಾಖೆಯಲ್ಲೇ ಕೂತಿದ್ದೆವು. ಫೋನಿನಲ್ಲಿ ಕೇಳುವುದಕ್ಕೂ ಎದುರಿಗೆ ನೋಡುವುದಕ್ಕೂ ವ್ಯತ್ಯಾಸವಿದೆ. ಗುಂಡಿ ಒತ್ತಿದ ಮ್ಯಾನೇಜರು ಅಭ್ಯಾಸಬಲದಿಂದ ಎದ್ದು ನೀರು ಕುಡಿಯಲು ಹೊರಟರು. ಅವರು ಕುರ್ಚಿ ಸರಿಸುವಷ್ಟರಲ್ಲಿ ಜಮಾ ಮುಗಿದು ತಾಳೆ ಪಟ್ಟಿ ಪರದೆಗೆ ಬಂದಿತ್ತು. "ಇದು ಪೂರ್ತಿ ಆಗಿದೆಯಾ ಮೇಡಂ? ಇನ್ನೊಂದ್ಸಲ ನೋಡಿ" ಎಂದರು. ಅವರ ಸಮಾಧಾನಕ್ಕೆ ರಸೀದಿ ಸಂಖ್ಯೆ, ಮೊತ್ತ ಎರಡನ್ನೂ ಏಜೆಂಟರ ಚೀಟಿಗಳ ಜೊತೆ ಕೈಯಲ್ಲೇ ಕೂಡಿ ನೋಡಿದೆವು. ಸರಿಯಿತ್ತು. ಸಿಪಿಯು ಒಮ್ಮೆ ಏರಿ ಕೂಡಲೇ ಇಳಿದಿತ್ತು.

ಆಮೇಲೆ ಉಳಿದದ್ದು ಸಣ್ಣಪುಟ್ಟವು. ಇನ್ ಕ್ವೆರಿಗೆ ಕೊಡುವ ಸಂಖ್ಯೆಗಳು ಒಮ್ಮೆ 500, ಕೊನೆಯ ಗುಂಪಿನಲ್ಲಿ 137, ಮರುದಿನ 212 ಹೀಗೆ ಬದಲಾಗುತ್ತವೆ. ಪ್ರತಿ ಹೊಸ ಉದ್ದಕ್ಕೂ ಹೈಬರ್ನೇಟ್ ಹೊಸದಾಗಿ ಕ್ವೆರಿ ಯೋಜನೆ ತಯಾರಿಸಿ ತನ್ನ ಕ್ಯಾಶ್‌ನಲ್ಲಿ ಇಡುತ್ತದೆ. ತಯಾರಿಗೂ ಸಿಪಿಯು ಬೇಕು, ಇಡುವುದಕ್ಕೆ ಮೆಮೊರಿ ಬೇಕು. ಇನ್ ಕ್ಲಾಜ್ ಪ್ಯಾರಾಮೀಟರ್ ಪ್ಯಾಡಿಂಗ್ ಎಂಬ ಸೆಟಿಂಗ್ 5.2.18ರಿಂದ ಇದೆ. ಅದನ್ನು ಹಾಕಿದರೆ ಪಟ್ಟಿಯ ಉದ್ದವನ್ನು 128, 256, 512 ಹೀಗೆ ಎರಡರ ಘಾತಗಳಿಗೆ ಏರಿಸಿಕೊಳ್ಳುತ್ತದೆ, ಬೆರಳೆಣಿಕೆಯ ಯೋಜನೆಗಳಲ್ಲೇ ಕೆಲಸ ನಡೆಯುತ್ತದೆ.

ವರದಿಯ ಪುಟಗಳಿಗೆ ಟ್ರಾನ್ಸಾಕ್ಷನಲ್ ಅನೋಟೇಷನ್ನಿನಲ್ಲಿ ರೀಡ್ ಓನ್ಲಿ ಕೊಟ್ಟೆವು. ಓದಿ ತೋರಿಸುವುದಷ್ಟೇ ಕೆಲಸವಾದಾಗ ಬದಲಾವಣೆ ಹುಡುಕುವ ಪ್ರಶ್ನೆಯೇ ಇಲ್ಲ. ಸ್ಪ್ರಿಂಗ್ 5.1ರಿಂದ ಈ ಗುರುತು ಇದ್ದರೆ ಹೈಬರ್ನೇಟ್ ಸ್ನ್ಯಾಪ್‌ಶಾಟನ್ನೂ ಇಡುವುದಿಲ್ಲ, ಮೆಮೊರಿಯೂ ಉಳಿಯಿತು. ದಿನವಹಿ ಪಟ್ಟಿಯಲ್ಲಿ ಖಾತೆಗೊಂದರಂತೆ ಶಾಖೆಯ ಹೆಸರು ತರಲು ಹೋಗುತ್ತಿದ್ದ ಚಿಲ್ಲರೆ ಕ್ವೆರಿಗಳನ್ನು ಎಲ್ಲವನ್ನೂ ಜೊತೆಗೇ ತರುವ ಜಾಯಿನ್ ಫೆಚ್‌ನಿಂದ ಒಂದೇ ಮಾಡಿದೆವು. ಇವುಗಳಿಂದ ಸಂಜೆಯ ಹೊತ್ತಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಹಗಲಿನ ಪುಟಗಳು ಮಾತ್ರ ಚುರುಕಾದವು.

ಓಆರ್‌ಎಂ ಬೇಡ, ಎಲ್ಲವನ್ನೂ ಕಚ್ಚಾ ಎಸ್‌ಕ್ಯುಎಲ್‌ನಲ್ಲಿ ಬರೆಯೋಣ ಎಂದು ಹುಡುಗ ಒಂದು ಹಂತದಲ್ಲಿ ಹೇಳಿದ. ನನಗೆ ಒಪ್ಪಿಗೆಯಿಲ್ಲ. ಸಾಲದ ಕಂತು ಬದಲಾದಾಗ ಅದರ ಸುತ್ತ ಬದಲಾಗಬೇಕಾದ ಹತ್ತಾರು ನಮೂದುಗಳನ್ನು ಡರ್ಟಿ ಚೆಕ್ ಒಂದೂ ಬಿಡದೆ ಹಿಡಿದುಕೊಟ್ಟಿದ್ದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಅದರ ಬೆಲೆ ಏನು, ಯಾವಾಗ ತೆರಬೇಕಾಗುತ್ತದೆ ಎಂದು ಗೊತ್ತಿದ್ದರೆ ಸಾಕು: ಸೆಷನ್ನಿನಲ್ಲಿ ಎಷ್ಟು ವಸ್ತುಗಳಿವೆ, ಅವು ಇರುವಾಗ ಎಷ್ಟು ಕ್ವೆರಿ ಓಡುತ್ತಿವೆ. ಈ ಎರಡರ ಗುಣಾಕಾರವನ್ನು ಕೋಡ್ ಓದುವಾಗಲೇ ಮನಸ್ಸಿನಲ್ಲಿ ಹಾಕಿಕೊಳ್ಳಬೇಕು. ಎಸ್‌ಕ್ಯುಎಲ್ ಲಾಗ್ ನೋಡಿದರೆ ಇದು ಕಾಣುವುದಿಲ್ಲ, ಏಕೆಂದರೆ ಡರ್ಟಿ ಚೆಕ್ ಎಸ್‌ಕ್ಯುಎಲ್ಲೇ ಅಲ್ಲ.

ಈಗ ಮೂರು ಸಾವಿರ ಕೃತಕ ರಸೀದಿಗಳ ಒಂದು ಪರೀಕ್ಷೆ ನಮ್ಮ ಬಿಲ್ಡ್‌ನಲ್ಲಿ ಓಡುತ್ತದೆ. ಹೈಬರ್ನೇಟ್‌ನ ಸ್ಟಾಟಿಸ್ಟಿಕ್ಸ್ ಆನ್ ಮಾಡಿ, ತಯಾರಾದ ಸ್ಟೇಟ್‌ಮೆಂಟ್‌ಗಳ ಸಂಖ್ಯೆ ಮಿತಿ ದಾಟಿದರೆ ಬಿಲ್ಡ್ ಬೀಳುವಂತೆ ಮಾಡಿದ್ದೇವೆ. ಲೂಪಿನೊಳಗೆ ಯಾರಾದರೂ ಕ್ವೆರಿ ಸೇರಿಸಿದರೆ ಅದು ಸಂಘದ ಕೌಂಟರಿಗೆ ಹೋಗುವ ಮೊದಲೇ ಇಲ್ಲಿ ಸಿಕ್ಕಿಬೀಳುತ್ತದೆ. ಮುಂದಿನದು ವಾರ್ಷಿಕ ಬಡ್ಡಿ ಲೆಕ್ಕ. ಅದೂ ಖಾತೆಗೊಂದು ಸುತ್ತು, ಸುತ್ತಿಗೊಂದು ಕ್ವೆರಿ, ಅದೇ ಆಕಾರದ ಕೋಡ್. ಒಂದು ಶಾಖೆಯದ್ದಲ್ಲ, ಇಡೀ ಸಂಘದ ಖಾತೆಗಳು. ಅದನ್ನು ಗದಗದ ಹುಡುಗನೇ ವಹಿಸಿಕೊಂಡಿದ್ದಾನೆ, ಮಾರ್ಚ್ 31ಕ್ಕೆ ಮುಂಚೆ ಹೊರಗೆ ಹೋಗಬೇಕು.